ಮದುಮಗಳ ತಮ್ಮ

ಮೇ 6, 1963. ಸೋಮವಾರ

ಇಲ್ಲ, ಒಂದು ತೊಟ್ಟೂ ಕುಡಿದಿರಲಿಲ್ಲ. ಬೇಕಾದ್ರೆ ಮೂಸಿ ನೋಡಿ ಅಂತ ಮಾವನ ಮುಖದ ಹತ್ತಿರ ಬಾಯಿ ಕಳೆದು ನಿಂತೆ. ಮೂಸಲಿಲ್ಲ. ಮೂಸಿದ್ರೆ ನಾನು ಹೇಳಿದ್ದು ಸತ್ಯ ಅಂತ ಆಗ್ತದಲ್ಲ, ಅದು ಅವರಿಗೆ ಬೇಡ.

ಮಾವ ಅಂದ್ರೆ ತುಕ್ರಪ್ಪ ಮಾವ, ಅಮ್ಮನ ಅಣ್ಣ, ಅಳದಂಗಡಿಯಲ್ಲಿ ನಮ್ಮ ಮನೆಯ ಯಜಮಾನ. ಅಲ್ಲಿಂದ ಬಸ್ಸು ಬದಲಿಸಿ ಪಾಣೆಮಂಗಳೂರಿಗೆ ಬಂದದ್ದು ನನಗೆ ಬೈಲಿಕ್ಕೆ ಮಾತ್ರ. "ಮನೆಯ ಮಾನ, ಮನೆಯ ಮಾನ" ಅಂತ ಹತ್ತು ಸಲ. ಮನೆ ಇರುವುದು ಅಳದಂಗಡಿಯಲ್ಲಿ, ನಾನು ಬಿದ್ದದ್ದು ಇಲ್ಲಿ. ಮಾನ ಅಷ್ಟು ದೂರ ನಡ್ಕೊಂಡು ಬರ್ತದಾ?

ಬಿದ್ದದ್ದು ಹೌದು. ಶನಿವಾರ ಸೋಡದ ಕೈಗಾಡಿಯನ್ನು ಸೇತುವೆಗೆ ಏರಿಸುವಾಗ ಎದೆ ಹೊಡ್ಕೊಳ್ಳಿಕ್ಕೆ ಸುರುವಾಯ್ತು. ಉಸಿರು ಮೇಲೆ ಹೋಗ್ತದೆ, ಕೆಳಗೆ ಬರುವುದಿಲ್ಲ. ಕೈಯಲ್ಲಿ ಇರುವೆ ಹರಿದ ಹಾಗೆ. ಸತ್ತೆ ಅಂತ ಮಾಡಿದೆ. ಗಾಡಿ ಬಿಟ್ಟು ರಸ್ತೆ ಮಧ್ಯ ಕೂತೆ. ಗಾಡಿ ಹಿಂದೆ ಹೋಗಿ ಕಲ್ಲಿಗೆ ಹೊಡೀತು, ಬಾಟ್ಲಿ ಒಡೀತು. ಜನ ಸೇರಿದ್ರು. ಯಾರೋ ಒಬ್ಬ ನಕ್ಕ. ಎದ್ದು ಅವನ ಅಂಗಿ ಹಿಡಿದೆ. ಅದೇ ಸುದ್ದಿ ಅಳದಂಗಡಿಗೆ ಹೋದದ್ದು.

ಮಾವ ಬೈದು ಮುಗಿಸಿದ ಮೇಲೆ ಉಮ್ಮರ್ ಬ್ಯಾರಿಯವರು ಹೇಳಿದ್ರು, "ತುಕ್ರಪ್ಪಣ್ಣ, ಹುಡುಗ ಕುಡಿಯುವವನಲ್ಲ. ಕುಡಿಯುವವನು ಸಂಜೆ ಮಾತ್ರ ಜಗಳ ಮಾಡ್ತಾನೆ. ಇವನು ಬೆಳಿಗ್ಗೆ ಸುರು ಮಾಡ್ತಾನೆ." ಸೋಡ ಫ್ಯಾಕ್ಟರಿ ಅವರದ್ದು. ಫ್ಯಾಕ್ಟರಿ ಅಂದ್ರೆ ಒಂದು ಕೋಣೆ, ಒಂದು ಮಿಷನು, ನಾನು. ಮಲಗುವುದೂ ನಾನು ಅಲ್ಲೇ, ಬಾಟ್ಲಿಗಳ ಜೊತೆ.

ತುಳುವಲ್ಲಿ ಬೈದದ್ದನ್ನು ಕನ್ನಡದಲ್ಲಿ ಬರೆದ್ರೆ ಅರ್ಧ ಖಾರ ಹೋಗ್ತದೆ. ಆದ್ರೂ ಬರೀತೇನೆ. ಬಾಯಿ ಬಿಟ್ರೆ ಜಗಳ ಆಗ್ತದೆ, ಕಾಗದ ತಿರುಗಿ ಮಾತಾಡುದಿಲ್ಲ.

ಮೇ 8. ಬುಧವಾರ

ಇವತ್ತೂ ಬಂತು. ಹೋಟ್ಲಲ್ಲಿ ಊಟಕ್ಕೆ ಕೂತಿದ್ದಾಗ. ಎಲೆ ಬಿಟ್ಟು ಹೊರಗೆ ಓಡಿದೆ. ಸಪ್ಲಾಯರು ದುಡ್ಡು ಕೊಡದೆ ಓಡಿದ ಅಂತ ಬೊಬ್ಬೆ ಹಾಕಿದ. ವಾಪಸು ಬಂದು ದುಡ್ಡು ಅವನ ಮುಖಕ್ಕೆ ಎಸೆದೆ.

ನನಗೆ ಎಂತದೂ ಆಗ್ಲಿಲ್ಲ.

ಮೇ 10. ಶುಕ್ರವಾರ

ಮೂಡಬಿದ್ರೆಗೆ ಹೋದೆ. ಉಮ್ಮರ್ ಬ್ಯಾರಿಯವರು ಹೇಳಿದ್ದು, "ಹೋಗದಿದ್ರೆ ಗಾಡಿ ಮುಟ್ಟಬೇಡ." ಅವರ ದೊಡ್ಡಮ್ಮ ಬೀಯಮ್ಮ ಅಲ್ಲಿ ಒಬ್ರು ಡಾಕ್ಟ್ರ ಹತ್ರ ಹೋಗ್ತಾರಂತೆ. ಬೀಯಮ್ಮನ ಮಗ ಕೊಲಂಬೋಗೆ ಹೋದವನು ಅಲ್ಲೇ ಮದುವೆಯಾಗಿ ಕೂತಿದ್ದಾನೆ, ಅದರ ನಂತರ ಅವರಿಗೆ ನಿದ್ರೆ ಇಲ್ಲ. ಅವರ ಜೊತೆಯೇ ಹೋದದ್ದು. ಬಸ್ಸಲ್ಲಿ ಬಾಗಿಲ ಹತ್ರವೇ ಕೂತೆ. ಇಳಿಯಬೇಕಾದ್ರೆ ಇಳೀಲಿಕ್ಕೆ.

ಹೋಗಿ ನೋಡಿದ್ರೆ ಬೆಂಚಲ್ಲಿ ಪೂರ ಬಸುರಿ ಹೆಂಗಸರು! ಶುಕ್ರವಾರದ ಸಂತೆಗೆ ಬಂದವರೆಲ್ಲ ಅಲ್ಲೇ. ಹೆಂಗಸು ಡಾಕ್ಟ್ರು ಅಂದ ಮೇಲೆ ಹೆರಿಗೆ ಡಾಕ್ಟ್ರೇ ಅಂತ ಊರಿನವರ ಲೆಕ್ಕ. ಬೋರ್ಡಲ್ಲಿ ಮನಸ್ಸಿನ ಕಾಯಿಲೆ ಅಂತ ಇಷ್ಟು ದಪ್ಪ ಬರೆದದ್ದುಂಟು, ಓದುವವರು ಯಾರು? ಡಾಕ್ಟ್ರಮ್ಮ ಒಬ್ಬೊಬ್ಬರಿಗೇ ಸಮಾಧಾನದಲ್ಲಿ ಹೇಳಿ ಅತ್ತ ಕಡೆಯ ಆಸ್ಪತ್ರೆಗೆ ಕಳಿಸ್ತಾ ಇದ್ರು. ಅಷ್ಟು ಹೊತ್ತು ನಾನು ಅವರ ಮಧ್ಯ.

ಬೀಯಮ್ಮ ಕೇಳಿದ್ರು, "ನಿಂಗೆ ಎಷ್ಟನೇ ತಿಂಗಳು ಮಗನೇ?" ಬೆಂಚಿಗೆ ಬೆಂಚೇ ನಕ್ಕಿತು. ಎದ್ದು ಹೊರಟೆ. ಬೀಯಮ್ಮ ಅಂಗಿ ಹಿಡಿದು ಕೂರಿಸಿದ್ರು. ಮುದುಕಿಗೆ ಕೈಯಲ್ಲಿ ಭಾರಿ ಬಲ.

ಡಾಕ್ಟ್ರಮ್ಮನ ಹೆಸರು ವಿನೋದಾ. ಘಟ್ಟದ ಮೇಲಿನವರು, ರೇಡಿಯೋದಲ್ಲಿ ಬಂದ ಹಾಗೆ ಕನ್ನಡ. "ಕೂತ್ಕೊಳ್ಳಿ ಕೂಸಪ್ಪ, ಏನಾಗ್ತಿದೆ ನಿಮಗೆ?" ಅಂದ್ರು. ನೀವು! ನನಗೆ ಇಷ್ಟರವರೆಗೆ ಯಾರೂ ನೀವು ಅಂದದ್ದಿಲ್ಲ. ತಮಾಷೆ ಮಾಡ್ತೀರಾ ಅಂತ ಕೇಳಿದೆ. ಇಲ್ಲ ಅಂದ್ರು. ಇಂಜೆಕ್ಷನ್ ಕೊಡಿ ಅಂದೆ. ಇಂಜೆಕ್ಷನ್ ಇಲ್ಲ ಅಂದ್ರು. ಮಿಕ್ಸ್ಚರು? ಅದೂ ಇಲ್ಲ. ಮಾತಾಡೋಣ ಅಂದ್ರು.

"ಮಾತಾಡ್ಲಿಕ್ಕೆ ಮೂಡಬಿದ್ರೆಯವರೆಗೆ ಬರಬೇಕಾ? ಬಂಟ್ವಾಳದಲ್ಲಿ ಕ್ಷೌರದಂಗಡಿ ಇಲ್ವಾ?" ಅಂದೆ.

ನಕ್ಕರು. ಸಿಟ್ಟು ಬರಲಿಲ್ಲ ಅವರಿಗೆ. ಸಿಟ್ಟೇ ಬಾರದವರ ಹತ್ರ ಎಂತ ಮಾತಾಡುದು?

ಮೇ 17. ಶುಕ್ರವಾರ

ಬೀಯಮ್ಮನನ್ನು ಕರ್ಕೊಂಡು ಹೋಗ್ಲಿಕ್ಕೆ ಜನ ಇಲ್ಲ ಅಂತ ಹೋದದ್ದು. ನನಗೆ ಬೇಕು ಅಂತ ಅಲ್ಲ.

ಎದೆ ಹೊಡ್ಕೊಂಡಾಗ ಓಡಬೇಡಿ, ಇದ್ದಲ್ಲೇ ಇರಿ, ಅದು ಬಂದ ಹಾಗೆ ಹೋಗ್ತದೆ ಅಂತ ಹೇಳಿದ್ರು. ಅವರಿಗೆ ಎಂತ, ಕುರ್ಚಿಯಲ್ಲಿ ಕೂತು ಹೇಳಬಹುದು. ಮತ್ತೆ ಶಾಲೆ ಯಾಕೆ ಬಿಟ್ರಿ ಅಂತ ಕೇಳಿದ್ರು. ಐದನೇ ಕ್ಲಾಸಲ್ಲಿ ಮೇಷ್ಟ್ರಿಗೆ ಹೊಡೆದೆ, ಬಿಟ್ಟೆ, ಮುಗೀತು ಅಂದೆ. ಊರಿಗೇ ಗೊತ್ತಿರುವ ಸಂಗತಿ. ಅವರು ಸುಮ್ಮನೆ ಕೂತ್ರು. ಗೋಡೆಯಲ್ಲಿ ಹಲ್ಲಿ ಇತ್ತು, ಅದನ್ನು ನೋಡಿದೆ.

ಬರುವಾಗ ಬಸ್ಸಲ್ಲಿ ಬೀಯಮ್ಮ ನಿದ್ರೆ ಹೋದ್ರು. ನನ್ನ ಭುಜಕ್ಕೆ ಒರಗಿ. ಬಂಟ್ವಾಳದವರೆಗೆ ನಾನು ಅಲುಗಲಿಲ್ಲ.

ಮೇ 26. ಭಾನುವಾರ. ಅಳದಂಗಡಿ

ಇವರಿಗೆಲ್ಲ ತಲೆ ಕೆಟ್ಟದ್ದು. ನನಗಲ್ಲ.

ಮಾವ ನನ್ನ ಕಾಯಿಲೆಗೆ ಅಂತ ಜ್ಯೋತಿಷ್ಯ ನೋಡುವ ಬಲ್ಯಾಯರಲ್ಲಿ ಹೋಗಿ ಕವಡೆ ಹಾಕಿಸಿ ಕೇಳಿದ್ದಾರೆ. ಕವಡೆಯಲ್ಲಿ ಎಂತ ಕಂಡಿತಂತೆ? ನಮ್ಮ ಮನೆಯಲ್ಲಿ ನನಗಿಂತ ಎರಡು ವರ್ಷ ದೊಡ್ಡದು ಒಂದು ಹುಡುಗಿ ಇತ್ತು. ಹನ್ನೆರಡಕ್ಕೆ ಜ್ವರ ಬಂದು ಸತ್ತಿತು. ಹತ್ತು ವರ್ಷ ಆಯ್ತು. ಈಗ ಅದಕ್ಕೆ ಮದುವೆಯ ಪ್ರಾಯ ಅಂತೆ. ಸತ್ತವರು ಕುಲೆಯಾಗಿ ಮನೆಯಲ್ಲೇ ಇರ್ತಾರೆ, ಬೆಳೀತಾರೆ, ಪ್ರಾಯಕ್ಕೆ ಬಂದಾಗ ಮದುವೆ ಮಾಡದಿದ್ರೆ ಒಡಹುಟ್ಟಿದವರನ್ನು ಹಿಡ್ಕೊಳ್ತಾರಂತೆ. ನನ್ನ ಎದೆ ಹೊಡ್ಕೊಳ್ಳುದು ಅದಕ್ಕೆ ಅಂತೆ!

ಈಗ ಸತ್ತ ಗಂಡು ಒಂದನ್ನು ಹುಡುಕಬೇಕು. ಬರಿ, ಅಂದ್ರೆ ಗೋತ್ರ, ಬೇರೆ ಆಗಬೇಕು, ಜಾತಕ ಕೂಡಬೇಕು, ಮನೆತನ ನೋಡಬೇಕು. ಬದುಕಿರುವವರಿಗೆ ಇಷ್ಟು ನೋಡುದಿಲ್ಲ.

"ಬದುಕಿರುವಾಗ ಒಂದು ಒಳ್ಳೆ ಡಾಕ್ಟ್ರನ್ನು ಹುಡುಕದವರು ಈಗ ಗಂಡು ಹುಡುಕ್ತೀರಾ?" ಅಂದೆ.

ಮಾವ ಬೆತ್ತ ತೆಗೆದ್ರು. ಮತ್ತೆ ಇಟ್ರು. ಅಮ್ಮ ಒಳಗೆ ಹೋದ್ರು. ಅಡುಗೆ ಮನೆಯಲ್ಲಿ ಪಾತ್ರೆಯ ಶಬ್ದ ಸಹ ಇಲ್ಲ.

ಊಟ ಮಾಡದೆ ಬಂದೆ.

ಮೇ 31. ಶುಕ್ರವಾರ

ಡಾಕ್ಟ್ರಮ್ಮನಿಗೆ ಎಲ್ಲ ಹೇಳಿದೆ. ಓದಿದವರಲ್ವಾ, ನಗ್ತಾರೆ, ನನ್ನ ಪಕ್ಷ ಹಿಡೀತಾರೆ ಅಂತ ಮಾಡಿದ್ದೆ. ಮಾವನಿಗೊಂದು ಕಾಗದ ಬರೆದು ಕೊಡಿ, ಇದೆಲ್ಲ ಮೂಢನಂಬಿಕೆ ಅಂತ, ಸೀಲು ಹಾಕಿ ಕೊಡಿ ಅಂತ ಕೇಳ್ಲಿಕ್ಕಿತ್ತು.

ನಗಲಿಲ್ಲ. "ಮದುಮಗಳ ಹೆಸರೇನು?" ಅಂತ ಕೇಳಿದ್ರು.

ಎಂತ ಪ್ರಶ್ನೆ ಅದು?

ಹೇಳ್ಲಿಕ್ಕೆ ಬಾಯಿ ತೆಗೆದೆ. ಬರಲಿಲ್ಲ. ಎದೆ ಹೊಡ್ಕೊಳ್ಳಿಕ್ಕೆ ಸುರುವಾಯ್ತು. ಅವರು ಎದ್ದು ಹತ್ರ ಬಂದ್ರು. ಮುಟ್ಟಬೇಡಿ ಅಂತ ಬೊಬ್ಬೆ ಹಾಕಿದೆ. ಹೊರಗಿನ ಬೆಂಚಲ್ಲಿ ಒಂದು ಮಗು ಅಳಲಿಕ್ಕೆ ಹಿಡೀತು. ಬಂದುಬಿಟ್ಟೆ. ಇನ್ನು ಆ ಕಡೆ ತಲೆ ಹಾಕುವವನಲ್ಲ.

ಜೂನ್ 7. ಶುಕ್ರವಾರ

ಹೋಗಲಿಲ್ಲ. ಬೀಯಮ್ಮನನ್ನು ಬಸ್ಸಿಗೆ ಹತ್ತಿಸಿ ಬಂದೆ.

ಜೂನ್ 12. ಬುಧವಾರ

ಮಳೆ ಹಿಡೀತು. ಸೋಡಕ್ಕೆ ಗಿರಾಕಿ ಇಲ್ಲ. ದಿನ ಇಡೀ ಖಾಲಿ ಬಾಟ್ಲಿ ತೊಳೆಯುವುದು. ತೊಳೆದದ್ದನ್ನೇ ತೊಳೆಯುವುದು. ಉಮ್ಮರ್ ಬ್ಯಾರಿಯವರು ಮಧ್ಯಾಹ್ನ ಬಂದು ನೋಡಿ, "ಮನೆಗೆ ಹೋಗಿ ಬಾ ಮಾರಾಯ, ಬಾಟ್ಲಿ ಸವೆದು ಹೋಗ್ತದೆ" ಅಂದ್ರು.

ಮಾತಾಡದೆ ಎಷ್ಟು ದಿನ ಇರಬಹುದು ಅಂತ ನೋಡುವ ಅಂತ ಇದ್ದೆ. ಇರಬಹುದು. ಕಷ್ಟ ಎಂತದೂ ಇಲ್ಲ. ಬಾಟ್ಲಿಯೊಳಗಿನ ಗೋಲಿ ಅಲ್ಲಾಡಿಸಿದ್ರೆ ಶಬ್ದ ಬರ್ತದೆ, ಅದು ಸಾಕು.

ಜೂನ್ 23. ಭಾನುವಾರ. ಅಳದಂಗಡಿ

ಗಂಡು ಸಿಕ್ಕಿತಂತೆ. ನಾರಾವಿಯವರು. ಇವತ್ತು ಹೆಣ್ಣು ಕೇಳ್ಲಿಕ್ಕೆ ಬಂದಿದ್ರು. ಗಂಡಿನ ಅಣ್ಣ ರುಕ್ಮಯ್ಯ, ಮತ್ತೆ ಎರಡು ಜನ. ಗಂಡು ಶೀನಪ್ಪ, ಹದಿನಾಲ್ಕರಲ್ಲಿ ಮರದಿಂದ ಬಿದ್ದು ಸತ್ತವನು. ನಾನು ತಮಾಷೆ ನೋಡ್ಲಿಕ್ಕೆ ಅಂತ ಜಗಲಿಯಲ್ಲಿ ಕೂತೆ.

ಚಹಾ ಕುಡಿದಾಯ್ತು, ಎಲೆ ಅಡಿಕೆ ಆಯ್ತು. ರುಕ್ಮಯ್ಯ ಹೇಳ್ತಾನೆ, "ನಮ್ಮ ಹುಡುಗ ಬಿಳಿ, ನೋಡ್ಲಿಕ್ಕೆ ಲಾಯ್ಕ ಇದ್ದ. ನಿಮ್ಮ ಹುಡುಗಿ ಸ್ವಲ್ಪ ಕಪ್ಪಂತೆ ಅಲ್ವಾ?"

ಮಾವ ಕೆಮ್ಮಿದ್ರು. ಹೇಳುವುದು ಬಿಟ್ಟು ಕೆಮ್ಮುವುದು!

"ಯಾರು ಹೇಳಿದ್ದು ಕಪ್ಪು ಅಂತ? ನೀವು ನೋಡಿದ್ದೀರಾ?" ಅಂದೆ.

"ಅಲ್ಲ, ಕೇಳಿದ್ದು ಮಾರಾಯ..."

"ಕೇಳಿದ್ರೆ ಆಯ್ತಾ? ಶಾಲೆಯಲ್ಲಿ ಲೆಕ್ಕಕ್ಕೆ ಮೊದಲು ಅವಳು. ನಿಮ್ಮವನು ಎಷ್ಟು ಕಲ್ತಿದ್ದಾನೆ?"

"ಆರನೆಯಲ್ಲಿ ಇದ್ದ."

"ಹದಿನಾಲ್ಕಕ್ಕೆ ಆರನೆಯಾ? ಫೇಲಾ?"

ರುಕ್ಮಯ್ಯನ ಮುಖ ಇಷ್ಟು ಸಣ್ಣ ಆಯ್ತು. "ಎರಡು ಸಲ," ಅಂದ. ಮತ್ತೆ ಬೇಗ ಬೇಗ, "ಆದ್ರೆ ಪಾಪದವ. ಒಬ್ಬರಿಗೆ ಒಂದು ಮಾತು ಹೇಳಿದವನಲ್ಲ. ನನ್ನ ಮಗುವನ್ನು ಅವನೇ ಎತ್ತಿ ಆಡಿಸ್ತಾ ಇದ್ದದ್ದು." ಹೇಳ್ತಾ ಹೇಳ್ತಾ ಅವನ ಸ್ವರ ಬಿದ್ದು ಹೋಯ್ತು. ಹೆಗಲ ಬೈರಾಸಿನಲ್ಲಿ ಮುಖ ಒರೆಸಿದ.

ಹೊಡೆಯುವವನಾ ಅಂತ ಕೇಳಿದೆ. ಇಲ್ಲ ಅಂದ. ಕುಡಿಯುವವನಾ ಅಂತ ಕೇಳಲಿಲ್ಲ, ಹದಿನಾಲ್ಕಕ್ಕೆ ಎಂತ ಕುಡೀತಾನೆ? ಆಗಬಹುದು ಅಂದೆ. ಮಾವ ನನ್ನನ್ನು ನೋಡಿದ್ರು. ಎಂತಕ್ಕೆ ನೋಡುದು? ಯಾರಾದ್ರೂ ಕೇಳಬೇಕಲ್ಲ.

ಆಟಿ ತಿಂಗಳಲ್ಲಿ ಮದುವೆ. ಬದುಕಿರುವವರಿಗೆ ಆಗದ ತಿಂಗಳು ಇವರಿಗೆ ಆಗ್ತದೆ.

ಜೂನ್ 28. ಶುಕ್ರವಾರ

ಮೂಡಬಿದ್ರೆಗೆ ಹೋದೆ. ಕಂಡಕ್ಟರು ಚಿಲ್ಲರೆ ಇಲ್ಲ ಅಂತ ಐದು ಪೈಸೆ ನುಂಗ್ಲಿಕ್ಕೆ ನೋಡಿದ. ಸಿದ್ದಕಟ್ಟೆಯಿಂದ ಮೂಡಬಿದ್ರೆಯವರೆಗೆ ಅವನ ಹತ್ರ ಜಗಳ ಮಾಡಿ ತಗೊಂಡೆ. ಹಿಂದಿನ ಸೀಟಲ್ಲಿ ಜನರ ಮಧ್ಯ ಸಿಕ್ಕಿಬಿದ್ದಿದ್ದೆ, ಇಲ್ಲದಿದ್ರೆ ಅವನ ಕೊರಳಪಟ್ಟಿ ಹಿಡೀತಿದ್ದೆ.

ಡಾಕ್ಟ್ರಮ್ಮ ನಾಲ್ಕು ವಾರ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಬನ್ನಿ ಅಂದ್ರು, ಅಷ್ಟೆ. ನಾರಾವಿಯವರ ಸಂಗತಿ ಹೇಳಿದೆ. ಫೇಲಾದದ್ದು ಹೇಳಿದಾಗ ನಕ್ಕರು, ಈ ಸಲ ನಾನೂ ನಕ್ಕೆ. "ಕುಸುಮನಿಗೆ ಲೆಕ್ಕ ಬಾರದವರನ್ನು ಕಂಡ್ರೆ ಆಗುದಿಲ್ಲ, ಅವನಿಗೆ ಅವಳು ಮಗ್ಗಿ ಕಲಿಸಿಯೇ ಬಿಡುದು" ಅಂದೆ. ಅವರು ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದ್ರು. ಒರೆಸಲಿಕ್ಕೆ ಎಂತದೂ ಇರಲಿಲ್ಲ ಅದರಲ್ಲಿ.

ಹೊರಗೆ ಬೆಂಚಿನಲ್ಲಿ ಒಂದು ಹೆಂಗಸು ಇದು ಹೆರಿಗೆಯದ್ದಾ ಅಂತ ಕೇಳಿದ್ಳು. ಅಲ್ಲ, ಇದು ಬೇರೆ, ಆಸ್ಪತ್ರೆ ಅತ್ತ ಕಡೆ ಅಂತ ಹೋಗಿ ತೋರಿಸಿ ಬಂದೆ.

ಜುಲೈ 7. ಭಾನುವಾರ. ಬೆಳ್ತಂಗಡಿ

ಅಮ್ಮನ ಜೊತೆ ಸೀರೆಗೆ ಹೋದದ್ದು. ಅಂಗಡಿಯವನು ಮದುಮಗಳನ್ನು ಕರ್ಕೊಂಡು ಬರಲಿಲ್ವಾ ಅಂತ ಕೇಳಿದ. ಅಮ್ಮ ನನ್ನ ಮುಖ ನೋಡಿದ್ರು. "ಅವಳಿಗೆ ಬರ್ಲಿಕ್ಕೆ ಆಗುದಿಲ್ಲ, ನೀವು ತೋರಿಸಿ" ಅಂದೆ. ಅಮ್ಮ ಹಸಿರು ಹಿಡಿದ್ರು. ಹಸಿರು ಬೇಡ, ಹಳದಿ ಅಂದೆ. ಯಾಕೆ ಅಂತ ನನಗೂ ಗೊತ್ತಿಲ್ಲ, ಹಳದಿಯೇ ಆಗಬೇಕು.

ಮತ್ತೆ ಟೈಲರು ಕೂಸಪ್ಪ, ನನ್ನ ಹೆಸರಿನವನೇ. ರವಕೆಗೆ ಅಳತೆ ಕೇಳಿದ.

ಅಳತೆ!

ಹಳೇ ರವಕೆ ಒಂದು ತಂದು ಕೊಡಿ ಅಂದ. ಹನ್ನೆರಡರ ಹುಡುಗಿಯ ಲಂಗ ಅಂಗಿ, ಅದೂ ಮನೆಯಲ್ಲಿ ಇಲ್ಲ. ಇಪ್ಪತ್ತೆರಡಕ್ಕೆ ಅವಳ ಭುಜ ಎಷ್ಟು ಅಗಲ, ತೋಳು ಎಷ್ಟು ಉದ್ದ, ಯಾರಿಗೆ ಗೊತ್ತು? ಆಗ ನನಗಿಂತ ಎತ್ತರ ಇದ್ಳು. ಈಗ ನಾನು ಮಾವನಿಗಿಂತ ಎತ್ತರ. ಅವಳು ಎಲ್ಲಿಯವರೆಗೆ ಬರ್ತಿದ್ಳು? ಕಿವಿಯವರೆಗಾ? ಅಮ್ಮ ಭುಜದವರೆಗೆ ಅಂದ್ರು. ಅಲ್ಲ, ಕಿವಿಯವರೆಗೆ ಅಂದೆ. ಟೈಲರನ ಅಂಗಡಿಯಲ್ಲಿ ನಿಂತು ಜಗಳ ಮಾಡಿದೆವು. ಟೈಲರು ಟೇಪು ಹಿಡ್ಕೊಂಡು ಇಬ್ಬರನ್ನೂ ನೋಡ್ತಾ ಇದ್ದ. ಕೊನೆಗೆ ಅವನಿಗೆ ಅರ್ಥ ಆಯ್ತು ಕಾಣ್ತದೆ. ಅಮ್ಮನ ಅಳತೆ ತಗೊಂಡ. "ಅಮ್ಮನ ಹಾಗೇ ಇರ್ತಿದ್ರು" ಅಂದ. "ಸ್ವಲ್ಪ ಬಿಟ್ಟು ಹೊಲೀತೇನೆ."

ಅಮ್ಮ ಅವನಿಗೆ ಕೈ ಎತ್ತಿ ಕೊಟ್ಟು ನಿಂತದ್ದು ನೋಡ್ಲಿಕ್ಕೆ ಆಗ್ಲಿಲ್ಲ. ರಸ್ತೆಗೆ ಬಂದು ನಿಂತೆ.

ಜುಲೈ 12. ಶುಕ್ರವಾರ

ನಿನ್ನೆ ಮಾವ ಪಾಣೆಮಂಗಳೂರಿಗೆ ಬಂದು ಹೇಳಿ ಹೋದ್ರು. ಮದುವೆ ಇಪ್ಪತ್ತೊಂದಕ್ಕೆ, ನಾರಾವಿಯಲ್ಲಿ. ನಾನು ಬರಬಾರದು. ಮದುವೆಯಾಗದವರು, ಮಕ್ಕಳು, ಕುಲೆಯ ಮದುವೆ ನೋಡಬಾರದಂತೆ. ನೋಡಿದ್ರೆ ಹಿಡ್ಕೊಳ್ತದಂತೆ. ಸೀರೆ ಆರಿಸ್ಲಿಕ್ಕೆ ನಾನು ಬೇಕು, ಗಂಡಿನ ಪಾಸು ಫೇಲು ಕೇಳ್ಲಿಕ್ಕೆ ನಾನು ಬೇಕು, ಮದುವೆಗೆ ಬೇಡ!

ಮೂಡಬಿದ್ರೆಗೆ ಹೋಗಿ ಅದನ್ನೇ ಬೊಬ್ಬೆ ಹಾಕಿದೆ. ಡಾಕ್ಟ್ರಮ್ಮ ಸುಮ್ಮನೆ ಕೂತಿದ್ರು. ಅವರು ಸುಮ್ಮನೆ ಕೂತ್ರೆ ನನ್ನ ಬಾಯಿ ನಿಲ್ಲುದಿಲ್ಲ. ಎಲ್ಲಿಂದ ಎಲ್ಲಿಗೋ ಹೋಯ್ತು. ಅವಳಿಗೆ ಜ್ವರ ಜೋರಾದ ದಿನವೂ ಹೀಗೇ ಮಾಡಿದ್ದು. ಮಕ್ಕಳು ನೋಡಬಾರದು ಅಂತ ನನ್ನನ್ನು ಆಚೆ ಮನೆಗೆ ಕಳಿಸಿದ್ರು. ಅಲ್ಲಿ ಅವಲಕ್ಕಿ ಬೆಲ್ಲ ಕೊಟ್ರು. ತಿಂದೆ. ಇನ್ನೂ ಬೇಕಾ ಅಂತ ಕೇಳಿದ್ರು, ಬೇಕು ಅಂದೆ. ಮರುದಿನ ಮನೆಗೆ ಬಂದಾಗ ಅವಳ ಚಾಪೆ ಇರಲಿಲ್ಲ. ಎಲ್ಲಿ ಅಂತ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮತ್ತೆ ಶಾಲೆಗೆ ಒಬ್ಬನೇ ಹೋದದ್ದು. ಒಂದೇ ಕೋಣೆಯ ಶಾಲೆ, ಎಲ್ಲ ಕ್ಲಾಸಿಗೂ ಒಬ್ರೇ ಮೇಷ್ಟ್ರು. ಹಾಜರಿ ಕರೀತಾ ಅವಳ ಹೆಸರು ಬಂದಾಗ ಹಾರಿಸಿ ಮುಂದೆ ಹೋದ್ರು. ಕರೀರಿ ಅಂದೆ. ಕೂತ್ಕೋ ಅಂದ್ರು. ಕರೀರಿ ಅಂದೆ. ಸ್ಲೇಟು ಎಸೆದೆ. ಅವರ ಕೆನ್ನೆಯಲ್ಲಿ ರಕ್ತ ಬಂತು. ಮತ್ತೆ ಶಾಲೆಗೆ ಹೋಗಲಿಲ್ಲ.

ಇಷ್ಟೆಲ್ಲ ನಾನು ಹೇಳಿದೆನಾ? ಹೇಳಿದೆ.

"ಕುಸುಮ ಅಂತ ಕರೆದದ್ದು ಯಾರು, ಅದರ ನಂತರ?" ಅಂತ ಕೇಳಿದ್ರು.

"ಯಾರೂ ಇಲ್ಲ. ಬಲ್ಯಾಯರ ಕವಡೆ ಒಂದೇ."

ಹೇಳಿದ ಮೇಲೆ ನನಗೇ ಒಂಥರಾ ಆಯ್ತು.

ನಾನು ಹೋಗಬೇಕಾ ಬೇಡವಾ, ನೀವೇ ಹೇಳಿ ಅಂದೆ. ಅದನ್ನು ನಾನು ಹೇಳೋದಲ್ಲ ಅಂದ್ರು. ಮತ್ತೆ ನೀವು ಎಂತಕ್ಕಿರುದು ಇಲ್ಲಿ ಅಂತ ಕೇಳಿದೆ. "ನೀವು ಹೇಳೋದನ್ನ ಕೇಳೋಕೆ" ಅಂದ್ರು. ದೊಡ್ಡ ಕೆಲಸ! ಅದಕ್ಕೆ ಬೆಂಗಳೂರಲ್ಲಿ ಕಲಿತು ಬರಬೇಕಾ?

ಬರುವಾಗ ಮುಖ ತೊಳೆದು ಹೋಗಿ ಅಂತ ಚೊಂಬಲ್ಲಿ ನೀರು ಕೊಟ್ರು. ಮುಖಕ್ಕೆ ಎಂತ ಆಗಿತ್ತು ಅಂತ ನೋಡ್ಲಿಕ್ಕೆ ಕನ್ನಡಿ ಇರಲಿಲ್ಲ.

ಜುಲೈ 20. ಶನಿವಾರ. ಅಳದಂಗಡಿ

ಮನೆಗೆ ಬಂದೆ. ಯಾರೂ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಹಳದಿ ಸೀರೆ, ರವಕೆ, ಕರಿಮಣಿ, ಬಳೆ, ಎಲ್ಲ ಒಂದು ಮಣೆಯ ಮೇಲೆ ಇಟ್ಟಿದ್ದಾರೆ. ಅದೇ ಮದುಮಗಳು. ನಾಳೆ ಮಾವನ ಸೊಸೆ ಒಬ್ಳು ಎತ್ತಿಕೊಂಡು ಹೋಗುವುದಂತೆ. ಅವಳು ಕುಸುಮನನ್ನು ನೋಡಿಯೇ ಇಲ್ಲ.

ಜುಲೈ 21. ಭಾನುವಾರ. ಅಳದಂಗಡಿ

ಎಲ್ಲರೂ ಹೋದ್ರು. ಬಾಡಿಗೆ ಜೀಪಲ್ಲಿ, ಮದುಮಗಳನ್ನು ಮಧ್ಯ ಕೂರಿಸಿಕೊಂಡು. ಮಾವ ಹತ್ತುವ ಮೊದಲು ನನ್ನ ಹೆಗಲು ಹಿಡಿದು, "ಇರು ಕೂಸ, ನನ್ನ ಮಾತು ಒಂದು ಸಲ ಕೇಳು" ಅಂದ್ರು. ಬೈಯ್ಯಲಿಲ್ಲ. ಬೈದಿದ್ರೆ ಸುಲಭ ಇತ್ತು.

ಅಮ್ಮ ಹೋಗಲಿಲ್ಲ. ನನ್ನನ್ನು ಕಾಯಲಿಕ್ಕೆ ಕೂತಿದ್ದಾರೆ, ಬಾಗಿಲಿಗೆ ಅಡ್ಡ. ಮಗಳ ಮದುವೆಗೆ ತಾಯಿ ಇಲ್ಲ, ತಮ್ಮ ಇಲ್ಲ. ಎಂತ ಮದುವೆ ಇದು?

"ನೀನಾದ್ರೂ ಹೋಗಬೇಕಿತ್ತು" ಅಂದೆ.

"ನಾನು ಹೋದ್ರೆ ನೀನು ಹಿಂದಿಂದ ಬರ್ತಿ."

"ಬಂದ್ರೆ ಎಂತ ಆಗ್ತದೆ?"

"ಅವಳು ನಿನ್ನನ್ನು ಕರ್ಕೊಂಡು ಹೋಗ್ತಾಳೆ. ನನಗೆ ಮತ್ತೆ ಯಾರು ಉಂಟು?"

"ಕುಸುಮನಾ?" ಅಂದೆ. "ಅವಳು ನನ್ನನ್ನು ಕರ್ಕೊಂಡು ಹೋದದ್ದು ಶಾಲೆಗೆ ಮಾತ್ರ ಅಮ್ಮ. ಸಂಜೆ ವಾಪಸು ತಂದು ಬಿಡ್ತಿದ್ಳು."

ಅಮ್ಮ ಬಾಯಿಗೆ ಸೆರಗು ಒತ್ತಿದ್ರು. ಹತ್ತು ವರ್ಷದಲ್ಲಿ ಈ ಮನೆಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲು ಅವರು. ಸ್ವಲ್ಪ ಹೊತ್ತು ಆಯ್ತು. ಈಗಲೂ ಬಾಗಿಲಲ್ಲೇ ಇದ್ದಾರೆ, ಹೋಗಬೇಡ, ಹೋಗಬೇಡ ಅಂತ. ಕಾಲು ಮಾತ್ರ ಮಡಚಿ ಒಂದು ಬದಿಗೆ ಕೂತಿದ್ದಾರೆ. ಒಬ್ಬ ಹೋಗುವಷ್ಟು ಜಾಗ ಉಂಟು.

ಬಿಳಿ ಶರ್ಟು ಹಾಕಿದೆ. ಪಂಚೆಯೂ ಬಿಳಿಯೇ. ನಾರಾವಿಯವರು ಹುಡುಗಿಯ ಕಡೆಯಿಂದ ತಮ್ಮ ಯಾರು ಅಂತ ಕೇಳಿದ್ರೆ ಹೇಳ್ಲಿಕ್ಕೆ ಜನ ಬೇಡವಾ? ಹಿಡ್ಕೊಳ್ಳುದಾದ್ರೆ ಹಿಡ್ಕೊಳ್ಳಲಿ. ಮಾವ ಎಲ್ಲರ ಎದುರು ಹೊಡೆದ್ರೆ ಹೊಡೀಲಿ, ಹೊಡೆಸಿಕೊಂಡು ಅಲ್ಲೇ ನಿಲ್ತೇನೆ. ಊಟಕ್ಕೆ ಎಲೆ ಹಾಕದಿದ್ರೆ ನಾನೇ ಬಡಿಸ್ಲಿಕ್ಕೆ ನಿಲ್ತೇನೆ. ಅವಳ ಎಲೆಗೆ ಮೊದಲು.

ಹೊರಟೆ. ಅಂಗಳದ ಗೇಟು ಮೆಲ್ಲ ಹಾಕುವವನಲ್ಲ ನಾನು. ನಾರಾವಿಗೆ ಕೇಳುವ ಹಾಗೆ ಹಾಕ್ತೇನೆ.